ಮರುತಪಾಸಣೆಗೆ ಕಾದ ದಿನಗಳು

ಅದು ಮಾರ್ಚ್ ತಿಂಗಳ ಒಂದು ಮಂಗಳವಾರ. ಹೊರಗೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನಲವತ್ತು ಡಿಗ್ರಿ. ನಾವಿರುವ ನೋವೈಯಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಅಷ್ಟು ಬಂದರೆ ಸಾಕು, ಜನ ಜಾಕೆಟ್ಟಿನ ಜಿಪ್ ತೆರೆದುಕೊಂಡು ಓಡಾಡುತ್ತಾರೆ. ಪಾರ್ಕಿಂಗ್ ಲಾಟಿನ ಮೂಲೆಗೆ ನೂಕಿದ್ದ ಸ್ನೋ ಅರ್ಧ ಕರಗಿ ಮಣ್ಣುಬಣ್ಣಕ್ಕೆ ತಿರುಗಿತ್ತು. ಫಸ್ಟ್ ಶಿಫ್ಟ್ ಮುಗಿಸಿ ಮೂರು ಗಂಟೆಗೆ ನನ್ನ ಹೆಂಡತಿ ಸುಧಾಳ ಶಾಲೆಯ ಬಾಗಿಲು ತಳ್ಳಿದೆ. ಒಳಗೆ ಆರು ಜೊತೆ ಪುಟ್ಟ ಬೂಟುಗಳು ಸಾಲಾಗಿ ನೀರು ಸುರಿಸುತ್ತ ನಿಂತಿದ್ದವು. ಮಕ್ಕಳು ಎಂಟು, ಇಬ್ಬರಿಗೆ ಇನ್ನೂ ನಡೆಯಲು ಬರುತ್ತಿರಲಿಲ್ಲ.

“ರೀ, ಮೊದ್ಲು ಕೈ ತೊಳ್ಕೊಳಿ. ಫ್ಯಾಕ್ಟ್ರಿ ಎಣ್ಣೆ ನನ್ ಮಕ್ಳಿಗೆ ಬೇಡ,” ಎಂದಳು ಸುಧಾ, ನೆಲದ ಮೇಲೆ ಕೂತು ಒಂದು ಮಗುವಿನ ಕೆನ್ನೆಗೆ ಮೆತ್ತಿದ್ದ ಬಾಳೆಹಣ್ಣು ಒರೆಸುತ್ತ.

“ನನ್ನ ಮಗನ ಕೈ ಅಷ್ಟ ಕಾಣ್ತಾವ ನೋಡು ಈಕಿಗೆ,” ಎಂದಳು ಅವ್ವ. “ಮಾರಿ ಎಷ್ಟ ಬಾಡೇತಿ, ಅದು ಕಾಣೂದಿಲ್ಲ.”

“ನಿಮ್ ಮಗನ ಮುಖ ಮದ್ವೆ ದಿನಾನೂ ಹಿಂಗೇ ಇತ್ತು ಅತ್ತೆ.”

ಸುಧಾಳ ಸಹಾಯಕಿ ಜೈನಬ್ ಡಿಯರ್‌ಬಾರ್ನ್‌ನಿಂದ ಕಾರಿನಲ್ಲಿ ಬರುತ್ತಿದ್ದ ಹುಡುಗಿ. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅತ್ತೆ ಸೊಸೆ ಕಿತ್ತಾಡುವಾಗ ಯಾರು ಗೆದ್ದರು ಎಂದು ಗೊತ್ತಾಗಿ ನಗುತ್ತಿದ್ದಳು. ಅವತ್ತೂ ನಕ್ಕಳು. ಆ ನಂತರ ಆ ಕೋಣೆಯಲ್ಲಿ ಹಾಗೆ ಎಲ್ಲರೂ ಒಟ್ಟಿಗೆ ನಕ್ಕಿದ್ದು ನನಗೆ ನೆನಪಿಲ್ಲ.

ಕಳೆದ ವಾರ ಆ ಕಡೆ ಹೋಗಿದ್ದೆ. ಈಗ ಅಲ್ಲಿ ಫೋನ್ ರಿಪೇರಿ ಅಂಗಡಿ ಇದೆ. ನನ್ನ ಫೋನಿಗೆ ಏನೂ ಆಗಿರಲಿಲ್ಲ, ಆದರೂ ಒಳಗೆ ಹೋದೆ. ಗೋಡೆಯ ಕೆಳಭಾಗದಲ್ಲಿ, ಒಂದೂವರೆ ವರ್ಷದ ಮಗುವಿನ ಕೈಗೆ ಎಟುಕುವಷ್ಟು ಎತ್ತರದಲ್ಲಿ, ಕೋಟು ತೂಗುಹಾಕುವ ಕೊಕ್ಕೆಗಳನ್ನು ನಾನೇ ಹೊಡೆದಿದ್ದೆ. ಆ ತೂತುಗಳನ್ನು ಮುಚ್ಚಿ ಬಣ್ಣ ಬಳಿದಿದ್ದಾರೆ. ಕೌಂಟರಿನ ಹುಡುಗಿ ಏನು ಬೇಕು ಎಂದು ಕೇಳಿದಳು. ಏನಿಲ್ಲ ಎಂದು ಹೊರಗೆ ಬಂದೆ. ಮನೆಗೆ ಬಂದು ಇದನ್ನು ಬರೆಯಲು ಕೂತೆ.

ನಾನು ಹೆಚ್ಚು ಓದಿದವನಲ್ಲ. ದಾವಣಗೆರೆಯಲ್ಲಿ ಡಿಪ್ಲೊಮಾ ಮಾಡಿ, ಯಂತ್ರ ಕೂರಿಸುವ ಕೆಲಸದ ಮೇಲೆ ಇಲ್ಲಿಗೆ ಬಂದು ಉಳಿದುಕೊಂಡೆ. ಕಾರಿನ ಗೇರುಗಳನ್ನು ಗೇಜ್ ಹಿಡಿದು ಪರೀಕ್ಷೆ ಮಾಡುವುದು ನನ್ನ ಕೆಲಸ. ಸುಧಾ ಮೈಸೂರಿನವಳು. ಮಗಳು ಅನು ದೊಡ್ಡವಳಾಗಿ ಶಿಕಾಗೋ ಕಡೆ, ಶಾಂಬರ್ಗ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಸುಧಾ ಕಾಲೇಜಿಗೆ ಹೋಗಿ ಶಿಶುಗಳ ಪಾಲನೆಯ ಕೋರ್ಸ್ ಮಾಡಿದಳು. ತನ್ನ ಹೆಸರಿನಲ್ಲಿ ಲೈಸೆನ್ಸ್ ತೆಗೆದುಕೊಂಡಳು. ಮೊದಲು ಹಲ್ಲಿನ ಡಾಕ್ಟರರಿದ್ದ ಎರಡು ಕೋಣೆಯ ಜಾಗ ಹಿಡಿದಳು. ಆರು ತಿಂಗಳಿಂದ ಎರಡೂವರೆ ವರ್ಷದವರೆಗಿನ ಮಕ್ಕಳು. ಕೆಲವರು ಅದನ್ನು ಡೇಕೇರ್ ಎನ್ನುತ್ತಿದ್ದರು. ಅವಳು ಮಾತ್ರ ಶಾಲೆ ಎಂದೇ ಹೇಳುತ್ತಿದ್ದಳು. “ಚಮಚ ಹಿಡಿಯೋದು ಕಲಿಯೋದೂ ಕಲಿಕೇನೇ ಅಲ್ವೇನ್ರಿ?”

ಆ ಚಳಿಗಾಲ ಅವ್ವ ಹಾವೇರಿಯಿಂದ ಬಂದಿದ್ದಳು. ಮನೆಯಲ್ಲಿ ಒಬ್ಬಳೇ ಕೂತು ಬೇಸರವಾಗಿ, ಮಧ್ಯಾಹ್ನ ಶಾಲೆಗೆ ಹೋಗುವುದನ್ನು ರೂಢಿ ಮಾಡಿಕೊಂಡಳು. ನಮ್ಮ ಬಡಾವಣೆಯಿಂದ ಮುಕ್ಕಾಲು ಮೈಲಿ. ಸ್ನೋ ಬೂಟು ಹಾಕಿ, ಸೀರೆ ಮೇಲಕ್ಕೆ ಕಟ್ಟಿ, ಸುಧಾಳ ಊಟದ ಡಬ್ಬಿ ಹಿಡಿದು ನಡೆದೇ ಹೋಗುತ್ತಿದ್ದಳು. ಫೆಬ್ರವರಿ ಕೊನೆಯಿಂದ ಸುಧಾಳಿಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ. ಅವ್ವ ದಿನಾ ಓಂಕಾಳು ಕುದಿಸಿ, ಆ ನೀರನ್ನು ಎಸೆನ್ಸಿನ ಖಾಲಿ ಬಾಟಲಿಗೆ ತುಂಬಿ ಚೀಲದಲ್ಲಿಟ್ಟುಕೊಂಡು ಹೋಗಿ ಕುಡಿಸುತ್ತಿದ್ದಳು. “ವಾಯು ಅದು. ನಾಕ ದಿನ ಕುಡಿ, ಇಳೀತೈತಿ.” ನಾವೆಲ್ಲ ಹಾಗೆಯೇ ನಂಬಿದ್ದೆವು.

ಆ ಮಂಗಳವಾರದ ಮರುದಿನ, ಬುಧವಾರ, ವರ್ಷದ ತಪಾಸಣೆಗೆ ಲೈಸೆನ್ಸ್ ಇಲಾಖೆಯ ಇನ್ಸ್‌ಪೆಕ್ಟರ್ ಹೆಂಗಸೊಬ್ಬರು ಬಂದರು. ಅವರು ಹೇಳಿ ಬರುವುದಿಲ್ಲ. ಸುಧಾ ಬಾಗಿಲಿಗೆ ಹೋಗಿದ್ದಾಳೆ. ಜೈನಬ್ ಒಂದು ಮಗುವಿನ ಡಯಪರ್ ಬದಲಿಸುತ್ತಿದ್ದಾಳೆ. ಪಕ್ಕದ ಮಲಗುವ ಕೋಣೆಯಲ್ಲಿ ಏಳು ತಿಂಗಳ ಈಶಾನ್ ಕಾಲು ಮಡಿಚಿಕೊಂಡು ಚೀರುತ್ತಿದ್ದಾನೆ. ಅವ್ವ ಸುಮ್ಮನಿರುವವಳಲ್ಲ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಒಂದು ಚಮಚ ಓಮಿನ ನೀರು ಕುಡಿಸಿ, ಇಂಗು ಕಲಸಿ ಹೊಕ್ಕುಳ ಸುತ್ತ ಹಚ್ಚುತ್ತಿದ್ದಾಳೆ. ಇನ್ಸ್‌ಪೆಕ್ಟರ್ ಬಾಗಿಲಲ್ಲಿ ನಿಂತು ನೋಡಿದರು. ಅವ್ವ ತಲೆ ಎತ್ತಿ, “ಬರ್‍ರಿ, ಕುಂದರ್‍ರಿ. ಕೂಸಿನ ಹೊಟ್ಟಿ ಉಬ್ಬಿತ್ತು, ಈಗ ನೋಡ್ರಿ ಹೆಂಗ್ ಮಲಗ್ತಾನ,” ಎಂದಳಂತೆ. ಮಗು ನಿಜವಾಗಿಯೂ ಮಲಗಿತು.

ನಾನು ಮೂರು ಗಂಟೆಗೆ ಹೋದಾಗ ಆ ಹೆಂಗಸು ಮಕ್ಕಳ ಕುರ್ಚಿಯೊಂದರಲ್ಲಿ ಮಂಡಿ ಎತ್ತಿ ಕೂತು ಬರೆಯುತ್ತಿದ್ದರು. ಒಳ್ಳೆಯವರೇ. ಮೆತ್ತಗೆ ಮಾತಾಡುತ್ತಿದ್ದರು. ಅವರು ಬರೆದುಕೊಂಡ ತಪ್ಪುಗಳು ಮೂರು. ಬೆರಳಚ್ಚು ಕೊಡದ, ಹಿನ್ನೆಲೆ ಪರಿಶೀಲನೆ ಆಗದ ವ್ಯಕ್ತಿ ಮಗುವಿನ ಜೊತೆ ಒಬ್ಬರೇ ಇದ್ದದ್ದು ಒಂದು. ಹೆತ್ತವರ ಲಿಖಿತ ಒಪ್ಪಿಗೆ ಇಲ್ಲದೆ ಮಗುವಿಗೆ ಔಷಧಿ ಕೊಟ್ಟದ್ದು ಎರಡು. ಔಷಧಿಯ ಬಾಟಲಿಗೆ ಹೆಸರಿಲ್ಲದ್ದು ಮೂರು.

“ಔಷಧಿ ಅಲ್ಲ, ಅದು ಅಡುಗೆ ಮನೆ ಸಾಮಾನು,” ಎಂದೆ ನಾನು, ನನ್ನ ಇಂಗ್ಲಿಷಿನಲ್ಲಿ.

ಸುಧಾ ನನ್ನ ತೋಳು ಹಿಡಿದಳು. “ಸುಮ್ನಿರಿ. ಅವ್ರು ಹೇಳ್ತಿರೋದು ಸರಿ.”

ಐದು ಗಂಟೆಗೆ ಈಶಾನ್‌ನ ತಾಯಿ ಪಲ್ಲವಿ ಬಂದಳು. ಅವಳು ಇಲ್ಲೇ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಹುಟ್ಟಿ ಬೆಳೆದವಳು, ಆಸ್ಪತ್ರೆಯೊಂದರಲ್ಲಿ ರೆಸಿಡೆಂಟ್ ಡಾಕ್ಟರ್. ಸುಧಾ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಪಲ್ಲವಿ ಮಗುವಿನ ಹೊಟ್ಟೆ ಮೂಸಿ ನೋಡಿದಳು.

“ಓ ಮೈ ಗಾಡ್, ಇಂಗು! ಮೈ ಮಾಮ್ ಡಿಡ್ ದಿಸ್ ಟು ಮಿ. ಸುಧಾ ಆಂಟಿ, ಇಟ್ಸ್ ಓಕೆ. ರಿಯಲಿ.”

“ನೀನು ಓಕೆ ಅಂದ್ರೂ ಅವ್ರು ಬರ್ದಿದ್ದು ಬರ್ದಿದ್ದೇ ಕಣೆ,” ಎಂದಳು ಸುಧಾ.

ಏಪ್ರಿಲ್ ಮೊದಲಲ್ಲಿ ವರದಿ ಬಂತು. ಇಲ್ಲಿ ಅಂಥ ವರದಿಗಳನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಓದಬಹುದು. ಮಗುವನ್ನು ಸೇರಿಸಬೇಕೆಂದಿರುವವರು ಮೊದಲು ನೋಡುವುದೇ ಅದನ್ನು. ಅದರಲ್ಲಿ ಇಂಗಿನ ಮಾತಿಲ್ಲ, ಅಜ್ಜಿಯ ಮಾತಿಲ್ಲ. ‘ಪರಿಶೀಲನೆಗೆ ಒಳಪಡದ ವಯಸ್ಕ ವ್ಯಕ್ತಿಯು ಶಿಶುವಿಗೆ ಹೆಸರಿನ ಚೀಟಿ ಇಲ್ಲದ ದ್ರವವನ್ನು ಕುಡಿಸಿದರು’ ಎಂದಿತ್ತು. ಅದನ್ನು ಓದಿದಾಗ ನನಗೇ ಹೆದರಿಕೆಯಾಯಿತು. ಸರಿಪಡಿಸುವ ಕ್ರಮಗಳನ್ನು ಬರೆದು ಕಳಿಸಬೇಕಿತ್ತು. ನಂತರ ಮರುತಪಾಸಣೆ. ಅದು ಯಾವ ದಿನವೆಂದು ಹೇಳುವುದಿಲ್ಲ.

ಎರಡು ಕುಟುಂಬ ಆ ವಾರವೇ ಬಿಟ್ಟುಹೋದವು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೇ ಮೊದಲಲ್ಲಿ ಜೈನಬ್ ಹೋದಳು. ಡಿಯರ್‌ಬಾರ್ನ್‌ನಲ್ಲೇ, ಮನೆ ಹತ್ತಿರದ ದೊಡ್ಡ ಕೇಂದ್ರವೊಂದರಲ್ಲಿ ಕೆಲಸ ಸಿಕ್ಕಿತ್ತು. ಮುಂದಿನ ವರದಿಯಲ್ಲಿ ಅವಳ ಹೆಸರೂ ಬರಬಹುದೆಂದು ಮನೆಯವರು ಹೆದರಿದ್ದರು. ಸುಧಾಳನ್ನು ತಬ್ಬಿಕೊಂಡು ಅತ್ತಳು. ಎರಡೂವರೆ ವರ್ಷದೊಳಗಿನ ನಾಲ್ಕು ಮಕ್ಕಳಿಗೆ ಒಬ್ಬ ದೊಡ್ಡವರು ಇರಲೇಬೇಕೆಂದು ನಿಯಮ. ಸುಧಾ ಒಬ್ಬಳೇ ಉಳಿದಳು. ಹಾಗಾಗಿ ಇದ್ದ ಆರು ಮಕ್ಕಳಲ್ಲಿ ಇಬ್ಬರನ್ನು ಅವಳೇ ಕಳಿಸಬೇಕಾಯಿತು. ನಾಲ್ಕು ಮಕ್ಕಳು, ಅವಳೊಬ್ಬಳು. ಬೆಳಿಗ್ಗೆ ಏಳೂವರೆಯಿಂದ ಸಂಜೆ ಐದೂವರೆವರೆಗೆ ಅವಳು ಆ ಕೋಣೆಯಿಂದ ಕದಲುವಂತಿರಲಿಲ್ಲ. ಬಾತ್‌ರೂಮಿಗೂ ಬಾಗಿಲು ತೆರೆದಿಟ್ಟೇ ಹೋಗುತ್ತಿದ್ದಳು. ಆಮೇಲೆ ಹೋಗುವುದೇ ಬೇಡವೆಂದು ನೀರು ಕುಡಿಯುವುದನ್ನೇ ಬಿಟ್ಟಳು.

ಅವ್ವ ತಪಾಸಣೆಯ ದಿನದಿಂದ ಶಾಲೆಯ ಕಡೆ ತಲೆ ಹಾಕಲಿಲ್ಲ. ಟಿಕೆಟ್ ಬದಲಿಸಿ, ಹೊರಡಬೇಕಾಗಿದ್ದ ದಿನಕ್ಕಿಂತ ಸಾಕಷ್ಟು ಮೊದಲೇ ಊರಿಗೆ ಹೊರಟಳು. ಏರ್‌ಪೋರ್ಟಿನಲ್ಲಿ ಸುಧಾಳ ಕೈ ಹಿಡಿದು, “ನಾ ಬರಬಾರದಿತ್ತವಾ,” ಎಂದಳು.

“ಅತ್ತೆ, ಆ ಮಗು ಅವತ್ತು ಮೂರ್ ಗಂಟೆ ನಿದ್ದೆ ಮಾಡ್ತು. ಅದನ್ನೂ ಅವ್ರು ಬರೀಬೇಕಿತ್ತು,” ಎಂದು ಸುಧಾ ನಗಿಸಲು ನೋಡಿದಳು. ಅವ್ವ ನಗಲಿಲ್ಲ.

ಏಪ್ರಿಲ್ ಮಧ್ಯದಲ್ಲಿ ನಮ್ಮ ಡಾಕ್ಟರು ಸುಧಾಳ ಹೊಟ್ಟೆ ಮುಟ್ಟಿ ನೋಡಿ ಸ್ಕ್ಯಾನ್ ಮಾಡಿಸಿ ಎಂದಿದ್ದರು. ಏಪ್ರಿಲ್ ಕೊನೆಗೆ, ಇಬ್ಬರು ಮಕ್ಕಳು ಬಾರದ ಒಂದು ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಪಾಯಿಂಟ್‌ಮೆಂಟ್. ಆ ದಿನ ಜೈನಬ್ ಹೊಸ ಕೆಲಸದ ಇಂಟರ್‌ವ್ಯೂಗೆ ಹೋಗಿದ್ದಳು. ಸುಧಾ ಫೋನ್ ಮಾಡಿ ಮುಂದಕ್ಕೆ ಹಾಕಿದಳು. ಮೇ ಮೂರನೆಯ ವಾರಕ್ಕೆ ಇನ್ನೊಂದು ಸಿಕ್ಕಿತು. ಅದು ಬರುವಷ್ಟರಲ್ಲಿ ಅವಳು ಒಬ್ಬಳೇ ಆಗಿದ್ದಳು.

“ಒಂದ್ ದಿನ ಬಾಗ್ಲು ಹಾಕು,” ಎಂದೆ.

“ಹಾಕಿದ್ ದಿನಾನೇ ಅವ್ರು ಬಂದ್ರೆ?”

“ಬಂದ್ರ ಇನ್ನೊಂದ್ ದಿನ ಬರ್ತಾರ.”

“ಇರೋ ನಾಲ್ಕ್ ಮಕ್ಳ ಅಪ್ಪ ಅಮ್ಮಂದ್ರೂ ಕೆಲ್ಸಕ್ಕೆ ಹೋಗೋರು ರೀ. ಆ ರಿಪೋರ್ಟ್ ಓದಿನೂ ನನ್ ನಂಬಿ ಬಿಟ್ಟಿದಾರೆ. ಪಲ್ಲವಿ ಈಶಾನ್‌ನ ಎಲ್ಲಿ ಬಿಡ್ತಾಳೆ?” ಆಮೇಲೆ ಹೇಳಿದಳು, “ನೀವೊಂದ್ಸಲ ಹೋಗಿ ಫಿಂಗರ್‌ಪ್ರಿಂಟ್ ಕೊಟ್ಟು ಬಂದ್ರೆ, ಕ್ಲಿಯರ್ ಆಗತ್ತೆ. ಆಮೇಲೆ ಒಂದರ್ಧ ದಿನ ನೀವು ಕೂತ್ಕೋಬಹುದು. ನಾನು ಸ್ಕ್ಯಾನ್ ಮಾಡಿಸ್ಕೊಂಡ್ ಬರ್ತೀನಿ.”

ಹನ್ನೆರಡು ಮೈಲಿ ದೂರದಲ್ಲಿ ಆ ಕೆಲಸ ಆಗುತ್ತಿತ್ತು. ಹತ್ತು ನಿಮಿಷದ ಕೆಲಸ. ಆದರೆ ಆ ಕಚೇರಿ ತೆರೆದಿರುವುದು ನಾಲ್ಕು ಗಂಟೆಯವರೆಗೆ ಮಾತ್ರ. ಫ್ಯಾಕ್ಟರಿಯಲ್ಲಿ ಹೊಸ ಗೇರಿನ ಲಾಂಚ್ ನಡೆದಿತ್ತು. ಎಲ್ಲರಿಗೂ ಓವರ್‌ಟೈಮ್, ಶನಿವಾರವೂ. ರಜೆ ಕೇಳಿದರೆ ಸೂಪರ್‌ವೈಸರ್ ಮುಖ ಕೆಂಪಾಗುತ್ತಿತ್ತು. ಕೇಳಿದ್ದರೆ ಕೊಡುತ್ತಿದ್ದರು. ನಾನು ಕೇಳಲಿಲ್ಲ. “ಮುಂದಿನ ವಾರ ಹೋಗಿ ಬರ್ತೀನಿ,” ಎಂದೆ. ಮುಂದಿನ ವಾರವೂ ಹಾಗೆಯೇ ಹೇಳಿದೆ. ಅವಳು ಮೂರನೆಯ ಸಲ ಕೇಳಲಿಲ್ಲ. ಎರಡನೆಯ ಅಪಾಯಿಂಟ್‌ಮೆಂಟನ್ನೂ ಮುಂದಕ್ಕೆ ಹಾಕಿದಳು.

ಆ ಮೇ ತಿಂಗಳು ನೆನಪಾದರೆ ಪಾರ್ಕಿಂಗ್ ಲಾಟಿಗೆ ತಿರುಗುವ ಕಾರಿನ ಸದ್ದು ಕೇಳಿಸುತ್ತದೆ. ನಾನು ಓವರ್‌ಟೈಮ್ ಮುಗಿಸಿ ಸಂಜೆ ಐದಕ್ಕೆ ಹೋಗಿ ಕಿಟಕಿಯಿಂದ ನೋಡುತ್ತಿದ್ದೆ. ಒಳಗೆ ಮಕ್ಕಳ ಬಳಿ ಉಳಿಯುವ ಅಧಿಕಾರ ನನಗೂ ಇರಲಿಲ್ಲವಲ್ಲ. ಸುಧಾ ಒಂದು ಮಗುವನ್ನು ಸೊಂಟದ ಮೇಲಿಟ್ಟುಕೊಂಡು, ಬಲಗೈಯನ್ನು ಪಕ್ಕೆಗೆ ಒತ್ತಿಕೊಂಡು, ಪ್ರತಿ ಕಾರಿಗೂ ಕತ್ತೆತ್ತಿ ನೋಡುತ್ತಿದ್ದಳು. ಪಕ್ಕದ ಇಂಡಿಯನ್ ಗ್ರೋಸರಿಗೆ ಬಂದವರಾದರೆ ಕತ್ತು ಇಳಿಸುತ್ತಿದ್ದಳು. ದಿನಾ ಬೆಳಿಗ್ಗೆ ಔಷಧಿ ಪೆಟ್ಟಿಗೆಗೆ ಬೀಗ ಹಾಕಿ, ಎಳೆದು ನೋಡಿ, ಬೀಗ ಹಾಕಿದ ಸಮಯವನ್ನು ಬರೆಯುತ್ತಿದ್ದಳು. ಪೆಟ್ಟಿಗೆಯಲ್ಲಿ ಔಷಧಿಯೇ ಇರಲಿಲ್ಲ.

ಸೆಪ್ಟೆಂಬರಿಗೆ ಹೊಸ ಮಕ್ಕಳು ಬರದಿದ್ದರೆ ಶಾಲೆ ಮುಚ್ಚಬೇಕಿತ್ತು. ಒಂದು ಭಾನುವಾರ ಸಂಜೆ ಊಟದ ಟೇಬಲ್ಲಿನಲ್ಲಿ ಅವಳು ಅಡ್ಮಿಷನ್ ಹಾಳೆ ಬರೆಯಲು ಕೂತಳು. ಒಂದು ಬದಿ ಇಂಗ್ಲಿಷ್, ಹಿಂದಿನ ಬದಿ ಕನ್ನಡ. ಮಗುವಿನ ವಯಸ್ಸು, ಶಾಲೆಯ ಸಮಯ, ಲಸಿಕೆಯ ಕಾಗದ. ಎರಡು ಜೊತೆ ಬಟ್ಟೆ, ಹೆಸರು ಬರೆದು. ಮಗು ಯಾವ ಹೆಸರಿಗೆ ತಿರುಗಿ ನೋಡುತ್ತದೆಯೋ ಆ ಮುದ್ದಿನ ಹೆಸರು. ಯಾವ ಮಗ್ಗುಲಿಗೆ ನಿದ್ದೆ ಮಾಡುತ್ತದೆ. ಮನೆಯಲ್ಲಿ ಯಾವ ಭಾಷೆಯಲ್ಲಿ ಸಮಾಧಾನ ಮಾಡುತ್ತೀರಿ. ಕೊನೆಯಲ್ಲಿ ಅವಳು ಬರೆದದ್ದನ್ನು ಓದಿ ನಾನು ಪೆನ್ನು ಕಿತ್ತುಕೊಂಡೆ.

‘ಮಾರ್ಚ್‌ನಲ್ಲಿ ನಮ್ಮಿಂದ ಒಂದು ತಪ್ಪಾಯಿತು. ನಮ್ಮ ಮನೆಯ ಅಜ್ಜಿ ಒಂದು ಮಗುವಿಗೆ ಹೆತ್ತವರನ್ನು ಕೇಳದೆ ಓಮಿನ ನೀರು ಕುಡಿಸಿದರು. ನೋಡಿಕೊಳ್ಳಬೇಕಾದವಳು ನಾನು. ವರದಿಯನ್ನು ದಯವಿಟ್ಟು ಓದಿ, ಆಮೇಲೆ ನನ್ನನ್ನು ಕೇಳಿ.’

“ಯಾರರ ತಮ್ಮ ತಪ್ಪು ತಾವ ಬರ್ಕೊಂಡು ಹಂಚ್ತಾರೇನು?” ಎಂದೆ.

“ನಿಮ್ ಫ್ಯಾಕ್ಟ್ರೀಲಿ ಗೇರು ರಿಜೆಕ್ಟ್ ಆದ್ರೆ ಏನ್ ಮಾಡ್ತೀರಿ?”

“ಕೆಂಪು ಚೀಟಿ ಕಟ್ತೀವಿ.”

“ಚೀಟಿ ಮೇಲೆ ಕಾರಣ ಬರೀತೀರೋ ಇಲ್ವೋ?”

“ಬರೀತೀವಿ.”

“ಮತ್ತೆ ಪೆನ್ ಕೊಡಿ.”

ಕೊಟ್ಟೆ. ಹಾಳೆಗಳನ್ನು ದೇವಸ್ಥಾನದ ನೋಟಿಸ್ ಬೋರ್ಡಿಗೆ, ಗ್ರೋಸರಿ ಅಂಗಡಿಗೆ, ಲೈಬ್ರರಿಗೆ ನಾನೇ ಹೋಗಿ ಹಾಕಿದೆ. ಅವಳಿಗೆ ಅಷ್ಟು ನಡೆಯಲು ಆಗುತ್ತಿರಲಿಲ್ಲ. ಅದೂ ನನಗೆ ಆಗ ಅರ್ಥವಾಗಲಿಲ್ಲ, ದಣಿದಿದ್ದಾಳೆ ಎಂದುಕೊಂಡೆ.

ಜೂನ್ ಎರಡನೆಯ ವಾರ, ಫ್ಯಾಕ್ಟರಿಯ ಲೈನಿನಲ್ಲಿ ಕೆಲಸ ಮಾಡುತ್ತಿದ್ದಾಗ ಸುಧಾಳ ಫೋನ್ ಬಂತು. ಅವಳು ಎಂದೂ ಶಿಫ್ಟಿನಲ್ಲಿ ಫೋನ್ ಮಾಡಿದವಳಲ್ಲ.

“ಬಂದಿದ್ರು ರೀ. ಈಗ್ ಹೋದ್ರು. ಇಪ್ಪತ್ತೇ ನಿಮಿಷ.” ಉಸಿರು ಸಿಗದೆ ಮಾತಾಡುತ್ತಿದ್ದಳು. “ಮೂರೂ ಸರಿ ಹೋಗಿದೆ ಅಂತ ಬರ್ಕೊಟ್ರು. ಬೀಗದ ಪುಸ್ತಕ ನೋಡಿ ನಕ್ಬಿಟ್ರು. ಅತ್ತೆಗೆ ಫೋನ್ ಮಾಡಿ ಹೇಳಿ. ಈಗ್ಲೇ ಹೇಳಿ.”

ಹಾವೇರಿಯಲ್ಲಿ ಆಗ ಎಷ್ಟು ಹೊತ್ತಾಗಿದೆ ಎಂದೂ ನೋಡದೆ ಅವ್ವನಿಗೆ ಫೋನ್ ಮಾಡಿದೆ. ಅವ್ವ ಅತ್ತಳು.

ಅದೇ ಸಂಜೆ ಐದೂವರೆಗೆ ನಾನು ಅಲ್ಲಿದ್ದೆ. ಬಿಸಿಲು ಕಿಟಕಿಯಿಂದ ನೇರ ಸುಧಾಳ ಮುಖದ ಮೇಲೆ ಬೀಳುತ್ತಿತ್ತು. ಪಲ್ಲವಿ ಈಶಾನ್‌ನನ್ನು ಎತ್ತಿಕೊಂಡು ಶುಭಾಶಯ ಹೇಳಲು ಬಾಯಿ ತೆರೆದವಳು ಹಾಗೆಯೇ ನಿಂತಳು.

“ಆಂಟಿ, ಲುಕ್ ಅಟ್ ಮಿ. ಮೇಲೆ ನೋಡಿ. ಯುವರ್ ಐಸ್ ಆರ್ ಯೆಲ್ಲೊ. ಯಾವಾಗಿಂದ?”

ಸುಧಾ ನನ್ನ ಕಡೆ ನೋಡಿದಳು. ನಾನು ಅವಳ ಕಣ್ಣು ನೋಡಿದೆ. ಹಳದಿಯಾಗಿದ್ದವು. ಒಂದು ಇಂಚಿನ ಸಾವಿರದಲ್ಲೊಂದು ಭಾಗ ಹೆಚ್ಚುಕಡಿಮೆಯಾದರೂ ಹಿಡಿಯುವವನು ನಾನು. ದಿನಾ ಎದುರು ಕೂತು ಊಟ ಮಾಡುತ್ತಿದ್ದೆ.

ಪಲ್ಲವಿ ಅಲ್ಲಿಂದಲೇ ಫೋನ್ ಮಾಡಿ ಮರುದಿನಕ್ಕೇ ಸ್ಕ್ಯಾನ್ ಗೊತ್ತುಮಾಡಿದಳು. ಕ್ಯಾನ್ಸರ್, ಪಿತ್ತಕೋಶದಲ್ಲಿ ಶುರುವಾಗಿ ಲಿವರಿಗೆ ಹರಡಿದೆ ಎಂದರು. ಅನು ಶಿಕಾಗೋದಿಂದ ಆ ರಾತ್ರಿಯೇ ಡ್ರೈವ್ ಮಾಡಿಕೊಂಡು ಬಂದಳು.

ಇನ್ನುಳಿದದ್ದು ಹನ್ನೊಂದು ವಾರ. ಆ ಬೇಸಿಗೆಯ ಬಗ್ಗೆ ಬರೆಯಲು ನನಗೆ ಹೆಚ್ಚು ಆಗುವುದಿಲ್ಲ. ನಾಲ್ಕು ಮಕ್ಕಳ ಹೆತ್ತವರು ಹೇಗೋ ಬೇರೆ ವ್ಯವಸ್ಥೆ ಮಾಡಿಕೊಂಡರು. ಶಾಲೆಗೆ ಬೀಗ ಹಾಕಿ, ಬೇಸಿಗೆ ರಜೆ ಎಂದು ಚೀಟಿ ಅಂಟಿಸಿದೆವು. ಸೆಪ್ಟೆಂಬರ್ ಹೊತ್ತಿಗೆ ಎದ್ದು ಓಡಾಡುತ್ತೇನೆಂದು ಅವಳು ನಿಜವಾಗಿಯೂ ನಂಬಿದ್ದಳೋ, ನನಗಾಗಿ ಹೇಳುತ್ತಿದ್ದಳೋ ತಿಳಿಯದು. ಜೈನಬ್ ಆಸ್ಪತ್ರೆಗೆ ಬಂದು, ನೀವು ತೆರೆಯುವುದಾದರೆ ನಾನು ವಾಪಸ್ ಬರುತ್ತೇನೆ ಎಂದಳು. ಜುಲೈಯಲ್ಲಿ ಅಡ್ಮಿಷನ್ ಹಾಳೆ ನೋಡಿದವರಿಂದ ಫೋನ್ ಬರಲು ಶುರುವಾಯಿತು. ಒಬ್ಬ ತಾಯಿ, ತಪ್ಪನ್ನು ನೀವೇ ಬರೆದಿದ್ದೀರಲ್ಲ, ಅದಕ್ಕೇ ಫೋನ್ ಮಾಡಿದೆ ಎಂದರಂತೆ. ಸುಧಾ ಹಾಸಿಗೆಯಲ್ಲೇ ಕೂತು, ಕೈಯಲ್ಲಿ ಐವಿ ಸೂಜಿ ಇದ್ದಂತೆಯೇ ಹೆಸರು ಬರೆದುಕೊಳ್ಳುತ್ತಿದ್ದಳು. “ಯಾವ್ ಮಗ್ಗುಲಿಗೆ ಮಲ್ಗತ್ತೆ? ಎಡಗಡೆನಾ?” ಹಾಗೆ ಮೂರು ಹೊಸ ಮಕ್ಕಳು ಸೇರಿದವು. ಹಳಬರು ನಾಲ್ವರೂ ವಾಪಸ್ ಬರುತ್ತೇವೆ ಎಂದರು.

“ಏಳ್ ಜನ ಆದ್ರು ರೀ,” ಎಂದಳು. “ಇನ್ನೊಂದ್ ಮಗು ಬಂದ್ರೆ ಫುಲ್.”

ಆಗಸ್ಟ್ ಕೊನೆಯ ಶುಕ್ರವಾರ ಬೆಳಿಗ್ಗೆ ಅವಳು ಹೋದಳು.

ಲೈಸೆನ್ಸ್ ಅವಳ ಹೆಸರಿನಲ್ಲಿತ್ತು. ಅವಳಿಲ್ಲದೆ ಶಾಲೆ ಇಲ್ಲ. ಮನೆಯಲ್ಲಿ ಜನ ತುಂಬಿದ್ದರು, ಯಾರೋ ಅಡುಗೆ ತಂದಿದ್ದರು. ನಾನು ಮಹಡಿಯ ಮೇಲೆ ಹೋಗಿ ಅವಳ ಪುಸ್ತಕ ತೆಗೆದು ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಹಳಬರಿಗೆ ಗೊತ್ತಿತ್ತು. ಹೊಸಬರಲ್ಲಿ ಇಬ್ಬರು ಮನೆಯ ವಿಳಾಸ ಕೇಳಿ ಬರೆದುಕೊಂಡರು. ಮೂರನೆಯವರು ನಾನು ಶಾಲೆಯ ಹೆಸರು ಹೇಳುತ್ತಿದ್ದಂತೆ ಖುಷಿಯಿಂದ, “ಹೇಳಿ ಅಂಕಲ್, ಬಟ್ಟೆಗೆಲ್ಲ ಹೆಸ್ರು ಬರ್ದಾಯ್ತು. ಬೇರೆ ಏನಾದ್ರೂ ತರ್ಬೇಕಾ?” ಎಂದರು. ಆ ಪ್ರಶ್ನೆಗೆ ಉತ್ತರ ಹಾಳೆಯಲ್ಲಿತ್ತು. ತೆಳುವಾದ ಒಂದು ಹೊದಿಕೆ, ಮಗುವಿಗೆ ರೂಢಿಯಾಗಿರುವುದು. ನಾನು ಮೊದಲು ಅದನ್ನೇ ಹೇಳಿಬಿಟ್ಟೆ. ಆಮೇಲೆ ಉಳಿದದ್ದನ್ನು ಹೇಳಿದೆ.

ಅವ್ವ ಈಗಲೂ ವಾರಕ್ಕೊಮ್ಮೆ ಫೋನಿನಲ್ಲಿ ಕೇಳುತ್ತಾಳೆ. “ಖರೇ ಹೇಳು ಬಸೂ. ನನ್ನ ಬಾಟ್ಲಿಯಿಂದ ಹಿಂಗಾತೇನು?”

“ಇಲ್ಲವ್ವಾ. ಬ್ಯಾನಿ ಮೊದಲ ಇತ್ತು.”

“ಆಕಿ ದವಾಖಾನಿಗೆ ಹೋಗಾಕ ತಡಾ ಆಗಿದ್ದು?”

“ಅದು ನಿನ್ನಿಂದಲ್ಲ.”

ಅಷ್ಟೇ ಹೇಳುತ್ತೇನೆ. ಯಾರಿಂದ ಎಂದು ಅವಳು ಕೇಳುವುದಿಲ್ಲ. ಅನು ಕೇಳಿದ್ದಳು, ಒಂದೇ ಸಲ, ಕಾರ್ಯವೆಲ್ಲ ಮುಗಿಸಿ ಶಿಕಾಗೋಗೆ ಹೊರಡುವಾಗ, ಡ್ರೈವ್‌ವೇಯಲ್ಲಿ ಕಾರಿನ ಬಾಗಿಲು ಹಿಡಿದುಕೊಂಡು. “ಅಪ್ಪಾ, ವೈ ಡಿಡಂಟ್ ಯು ಜಸ್ಟ್ ಟೇಕ್ ದ ಡೇ ಆಫ್?” ಸಿಟ್ಟಿನಿಂದ ಕೇಳಲಿಲ್ಲ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನಾನು ಲಾಂಚ್ ಎಂದೆ, ಓವರ್‌ಟೈಮ್ ಎಂದೆ. ಅವಳು ತಲೆಯಾಡಿಸಿ ನನ್ನನ್ನು ತಬ್ಬಿಕೊಂಡು ಹೊರಟಳು. ಆ ಗೇರು ಹೊತ್ತ ಕಾರುಗಳು ಈಗ ಫ್ರೀವೇ ಮೇಲೆ ನನ್ನನ್ನು ದಾಟಿ ಹೋಗುತ್ತವೆ.

ಆಸ್ಪತ್ರೆಯಲ್ಲಿ ಸುಧಾಳನ್ನು ನೋಡುತ್ತಿದ್ದ ಡಾಕ್ಟರು ಒಳ್ಳೆಯವರು, ಏನು ಬೇಕಾದರೂ ಕೇಳಿ ಎಂದಿದ್ದರು. ಔಷಧಿ ಕೇಳಿದೆ, ಊಟ ಕೇಳಿದೆ, ನೋವಾಗುತ್ತದೆಯೇ ಎಂದು ಕೇಳಿದೆ. ಏಪ್ರಿಲ್‌ನಲ್ಲೇ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಲಿಲ್ಲ. ಅವರ ನಂಬರ್ ನನ್ನ ಫೋನಿನಲ್ಲಿದೆ. ಇವತ್ತಿಗೂ ಕೇಳಿಲ್ಲ.